ಘಟ್ಟ, ಕಡಲು, ಗಾಳಿ: ಕೊಚ್ಚಿ–ತಿರುವನಂತಪುರದ ಆಕಾಶದಲ್ಲಿ ವಾಯುಕ್ಷೋಭೆಯ ಚರಿತ್ರೆ

ಭಾರತದ ನೈಋತ್ಯ ಕರಾವಳಿಯ ಮೇಲಿನ ಆಕಾಶವು ವಿಮಾನ ಸಿಬ್ಬಂದಿಯಿಂದ ವರ್ಷದ ಬಹುಪಾಲು ತಿಂಗಳುಗಳಲ್ಲಿ ಹೆಚ್ಚಿನ ಎಚ್ಚರವನ್ನು ಬೇಡುವ ದಾರಿಯಾಗಿದೆ. ಪಡುವಣದಲ್ಲಿ ಅರಬ್ಬಿ ಸಮುದ್ರ, ಮೂಡಣದಲ್ಲಿ ಆನಮುಡಿಯ ಬಳಿ 2,695 ಮೀಟರಿನವರೆಗೆ ಏರುವ ಪಶ್ಚಿಮ ಘಟ್ಟ, ನಡುವೆ ಕಿರಿದಾದ ನೆಲದ ಪಟ್ಟಿ ಇರುವ ಈ ಸೀಮೆಯಲ್ಲಿ ಕಡಲಿನಿಂದ ಬರುವ ತೇವಭರಿತ ಗಾಳಿಗೆ ಮೇಲೇರುವುದರ ಹೊರತು ಬೇರೆ ದಾರಿ ಕಡಿಮೆ. ಹಾಗೆ ಏರಿದ ಗಾಳಿ ತಣಿದು ಮೋಡವಾಗುವಾಗ ಬಿಡುಗಡೆಯಾಗುವ ಶಾಖವು ಅದನ್ನು ಮತ್ತಷ್ಟು ಮೇಲಕ್ಕೆ ನೂಕುತ್ತದೆ. ಗಾಳಿಯು ನೇರವಾಗಿ ಹರಿಯದೆ ಸುಳಿಸುಳಿಯಾಗಿ, ಮೇಲಕ್ಕೂ ಕೆಳಕ್ಕೂ ಅಡ್ಡಕ್ಕೂ ಕ್ರಮವಿಲ್ಲದೆ ಚಲಿಸುವ ಸ್ಥಿತಿಗೆ ವಾಯುಕ್ಷೋಭೆ ಎಂದು ಹೆಸರು. ಪೈಲಟ್‌ಗಳು ಇದನ್ನು ಲಘು, ಮಧ್ಯಮ, ತೀವ್ರ, ಅತಿತೀವ್ರ ಎಂದು ನಾಲ್ಕು ದರ್ಜೆಗಳಲ್ಲಿ ವರದಿ ಮಾಡುತ್ತಾರೆ. ವಿಮಾನದ ಎತ್ತರವೂ ಭಂಗಿಯೂ ಹಠಾತ್ತನೆ ಬದಲಾಗಿ, ಅದು ಕ್ಷಣಕಾಲ ಚಾಲಕರ ಹಿಡಿತದಿಂದ ಜಾರಬಹುದಾದ ಮತ್ತು ಸೀಟ್ ಬೆಲ್ಟ್ ಹಾಕದವರು ಆಸನದಿಂದ ಎಸೆಯಲ್ಪಡುವ ಸ್ಥಿತಿ ತೀವ್ರ ದರ್ಜೆಗೆ ಸೇರುತ್ತದೆ.

ಕೊಚ್ಚಿ ಮತ್ತು ತಿರುವನಂತಪುರದ ಮೇಲಿನ ಈ ಕ್ಷೋಭೆಯ ಚರಿತ್ರೆಯನ್ನು ಗಮನಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ರೆಕ್ಕೆಗಳು ಗಟ್ಟಿಯಾದವು, ಎಂಜಿನ್ನುಗಳು ಬಲಗೊಂಡವು ಎಂಬುದು ನಿಜವಾದರೂ, ಇಂದಿನ ಸುರಕ್ಷತೆಗೆ ಅಷ್ಟೇ ಮುಖ್ಯವಾದ ಕಾರಣ ನೆಲದ ಮೇಲೆ ನಿಂತು ಆಕಾಶವನ್ನು ಅಳೆದವರ ಸುಮಾರು ಎರಡು ಶತಮಾನಗಳ ದುಡಿಮೆ. ಅವರು ಕಂಡುಕೊಂಡದ್ದು ಹಾರುತ್ತಿರುವ ಸಿಬ್ಬಂದಿಯ ಕೈಗೆ ವೇಳೆಗೆ ಸರಿಯಾಗಿ ತಲುಪಿದಾಗ ಪ್ರಯಾಣ ಸುಗಮವಾಗಿದೆ, ತಲುಪದಿದ್ದಾಗ ಜನ ಗಾಯಗೊಂಡಿದ್ದಾರೆ.

ಮುಚ್ಚುವ ಬಂದರುಗಳು, ತೆರೆದ ವೀಕ್ಷಣಾಲಯ

ಹಾಯಿಹಡಗುಗಳ ಕಾಲದಲ್ಲಿ ಕೆನರಾ ಮತ್ತು ಮಲಬಾರ್ ಕರಾವಳಿಯ ಬಂದರುಗಳು ಮುಂಗಾರಿನ ತಿಂಗಳುಗಳಲ್ಲಿ ಬಹುತೇಕ ಮುಚ್ಚಿರುತ್ತಿದ್ದವು. ಗಾಳಿಯೊಂದಿಗೆ ಸೆಣಸುವುದಕ್ಕಿಂತ ಅದು ಇಳಿಯುವವರೆಗೆ ಕಾಯುವುದೇ ಲೇಸೆಂಬುದು ನಾವಿಕರ ಅನುಭವದಿಂದ ಬಂದ ತಿಳಿವಳಿಕೆಯಾಗಿತ್ತು. ಅದು ಬಾಯಿಂದ ಬಾಯಿಗೆ ಸಾಗಿದ ಅರಿವು. ದಿನದಿನದ ಅಳತೆಯ ರೂಪದಲ್ಲಿ ಬರೆದಿಟ್ಟ ಅರಿವು ಈ ಸೀಮೆಯಲ್ಲಿ ನೆಲೆಗೊಂಡದ್ದು 1837ರಲ್ಲಿ, ತಿರುವಾಂಕೂರಿನ ಅರಸ ಸ್ವಾತಿ ತಿರುನಾಳ್ ತಿರುವನಂತಪುರದಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿದಾಗ. ಅದರ ಮೊದಲ ನಿರ್ದೇಶಕ ಜಾನ್ ಕ್ಯಾಲ್ಡೆಕಾಟ್ ಖಗೋಳದ ಜೊತೆಗೆ ಹವಾಮಾನದ ಅಳತೆಗಳಿಗೂ ಗಮನ ಕೊಟ್ಟನು. 1852ರಲ್ಲಿ ಆ ಸ್ಥಾನಕ್ಕೆ ಬಂದ ಜಾನ್ ಅಲನ್ ಬ್ರೌನ್, ಬಯಲಿನಲ್ಲಿ ಮಾತ್ರ ಅಳೆದರೆ ಗಾಳಿಯ ಸ್ವಭಾವ ಪೂರ್ತಿ ತಿಳಿಯದೆಂದು ಮನಗಂಡು, 1855ರಲ್ಲಿ ಅಗಸ್ತ್ಯಮಲೆಯ ನೆತ್ತಿಯಲ್ಲಿ ಮತ್ತೊಂದು ವೀಕ್ಷಣಾ ಕೇಂದ್ರವನ್ನು ಕಟ್ಟಿಸಿದನು. ಕಡಲಮಟ್ಟದಿಂದ ಸುಮಾರು 1,868 ಮೀಟರ್ ಎತ್ತರದ, ದಟ್ಟ ಕಾಡು ಸುತ್ತುವರಿದ ಆ ಶಿಖರಕ್ಕೆ ಉಪಕರಣಗಳನ್ನು ಆಳುಗಳ ಹೆಗಲ ಮೇಲೆ ಸಾಗಿಸಿ, ಕೆಳಗಿನ ನಗರದ ಅಳತೆಗಳ ಜೊತೆಗೆ ಮೇಲಿನ ಅಳತೆಗಳನ್ನು ಹೋಲಿಸುವ ಈ ಉದ್ಯಮವು, ಒಂದೇ ಸೀಮೆಯ ಗಾಳಿಯನ್ನು ಎರಡು ಎತ್ತರಗಳಲ್ಲಿ ಅಳೆದು ನೋಡುವ ವಿಧಾನವನ್ನು ಇಲ್ಲಿ ಆರಂಭಿಸಿತು. ಭಾರತ ಹವಾಮಾನ ಇಲಾಖೆ ಹುಟ್ಟುವುದಕ್ಕೆ, ಅಂದರೆ 1875ಕ್ಕೆ, ಎರಡು ದಶಕಗಳ ಮೊದಲಿನ ಮಾತಿದು.

ಮುಂಗಾರಿನಲ್ಲಿ ಬಂದರು ಮುಚ್ಚುವ ರೂಢಿಯನ್ನು ಮುರಿದದ್ದು ಕೊಚ್ಚಿ. 1920ರಲ್ಲಿ ಅಲ್ಲಿಗೆ ಬಂದ ಬಂದರು ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ, ಅಳಿವೆಯ ಬಾಯಿಗೆ ಅಡ್ಡವಾಗಿದ್ದ ಮರಳದಿಬ್ಬವನ್ನು ಕಡಿದು ಒಳಹಿನ್ನೀರಿಗೆ ದೊಡ್ಡ ಹಡಗುಗಳು ಬರುವಂತೆ ಮಾಡಿದನು. 1928ರ ಮೇ 26ರಂದು ಎಸ್.ಎಸ್. ಪದ್ಮಾ ಎಂಬ ಹಡಗು ಮುಂಗಾರಿನ ಹೊಸ್ತಿಲಲ್ಲಿಯೇ ಒಳಬಂದರನ್ನು ಪ್ರವೇಶಿಸಿತು. ಹೂಳೆತ್ತಿದ ಮಣ್ಣಿನಿಂದ ರೂಪುಗೊಂಡ ವಿಲಿಂಗ್ಡನ್ ದ್ವೀಪದ ಮೇಲೆಯೇ 1936ರಲ್ಲಿ ವಿಮಾನಪಟ್ಟಿ ಸಿದ್ಧವಾಯಿತು. ಬಂದರಿನ ಕೆಲಸಕ್ಕೆ ಬರುವವರ ಅನುಕೂಲಕ್ಕಾಗಿ ಹುಟ್ಟಿದ ಆ ಪಟ್ಟಿಯು ಎರಡನೆಯ ಮಹಾಯುದ್ಧದಲ್ಲಿ ಸೇನೆಯ ನೆಲೆಯಾಗಿ, 1953ರ ಮೇ 11ರಂದು ಭಾರತೀಯ ನೌಕಾಪಡೆಯ ವಾಯುನೆಲೆ ಐ.ಎನ್.ಎಸ್. ಗರುಡವಾಗಿ ಸೇವೆಗೆ ಸೇರಿತು. 1999ರವರೆಗೂ ಕೊಚ್ಚಿಯ ನಾಗರಿಕ ವಿಮಾನಗಳು ಹಿನ್ನೀರಿನಿಂದ ಸುತ್ತುವರಿದ ಇದೇ ಪಟ್ಟಿಗೆ ಇಳಿಯುತ್ತಿದ್ದವು.

ಅಂಚೆ ಹೊತ್ತ ಸಣ್ಣ ವಿಮಾನಗಳು

ಭಾರತದ ವ್ಯವಸ್ಥಿತ ವಾಯು ಅಂಚೆಯ ಮೊದಲ ಯಾನದಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಅಂಚೆಯನ್ನು ತಂದರೆ, ಅಲ್ಲಿಂದ ಅದನ್ನು ಬಳ್ಳಾರಿಯ ಮೂಲಕ ಮದ್ರಾಸಿಗೆ ಕೊಂಡೊಯ್ದವನು ನೆವಿಲ್ ವಿನ್ಸೆಂಟ್. ಬಳಸಿದ್ದು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಹಗುರ ವಿಮಾನ. ಅದೇ ವರ್ಷಗಳಲ್ಲಿ ಈ ಮಾದರಿಯ ಹಲವು ವಿಮಾನಗಳು ಜಗತ್ತಿನ ಬೇರೆ ಬೇರೆ ಕಡೆ ಹಾರಾಟದಲ್ಲಿಯೇ ರೆಕ್ಕೆ ಮುರಿದು ಬಿದ್ದಿದ್ದವು. 1931ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಡ್ರಾಕೆನ್ಸ್‌ಬರ್ಗ್ ಬೆಟ್ಟಗಳ ಮೇಲೆ ಹೀಗೆ ಒಡೆದ ಪುಸ್ ಮಾತ್‌ನಲ್ಲಿ ಪ್ರಸಿದ್ಧ ಮೋಟಾರು ಸ್ಪರ್ಧಿ ಗ್ಲೆನ್ ಕಿಡ್ಸ್ಟನ್ ಸಾವಿಗೀಡಾದನು. ಪ್ರಕ್ಷುಬ್ಧ ಗಾಳಿಯಲ್ಲಿ ವೇಗವಾಗಿ ಹಾರುವಾಗ ರೆಕ್ಕೆಯ ಮೇಲೆ ಬೀಳುವ ಹಠಾತ್ ಭಾರವನ್ನು ವಿನ್ಯಾಸಕರು ಸರಿಯಾಗಿ ಅಂದಾಜಿಸಿರಲಿಲ್ಲವೆಂಬುದು ತನಿಖೆಗಳಿಂದ ತಿಳಿದುಬಂದು, ರೆಕ್ಕೆಯ ಆಧಾರಕಡ್ಡಿಗಳನ್ನು ಬಲಪಡಿಸಲಾಯಿತು. ಭಾರತದ ವಾಯು ಅಂಚೆ ಆರಂಭವಾದ ಕಾಲದಲ್ಲಿ ಗಾಳಿಯ ಹೊಡೆತಕ್ಕೆ ಎಷ್ಟು ಬಲ ಸಾಕೆಂಬ ಪ್ರಶ್ನೆಗೆ ಎಂಜಿನಿಯರುಗಳು ಇನ್ನೂ ಉತ್ತರ ಹುಡುಕುತ್ತಿದ್ದರು.

ತಿರುವನಂತಪುರಕ್ಕೆ ವಿಮಾನ ಬಂದದ್ದು ಮೂರು ವರ್ಷಗಳ ನಂತರ. ಅರಮನೆಯ ಬಂಧುವೂ ವಿಮಾನಯಾನದ ಉತ್ಸಾಹಿಯೂ ಆಗಿದ್ದ ಗೋದವರ್ಮ ರಾಜರ ಆಸಕ್ತಿಯಿಂದ ಅಲ್ಲಿ ಇಳಿದಾಣ ಸಿದ್ಧವಾಗಿ, 1935ರ ಅಕ್ಟೋಬರ್ ಕೊನೆಯಲ್ಲಿ ಟಾಟಾ ಸಂಸ್ಥೆಯ ವಿಮಾನವು ಮುಂಬಯಿಯಿಂದ ಗೋವಾ ಮತ್ತು ಕಣ್ಣೂರಿನ ಮಾರ್ಗವಾಗಿ ಬಂದಿಳಿಯಿತು. ನವೆಂಬರ್ 1ರಂದು ತಿರುವಾಂಕೂರಿನ ಅಂಚೆಯನ್ನು ಹೊತ್ತು ಮರಳಿತು. ಕಾರವಾರ, ಹೊನ್ನಾವರ, ಮಂಗಳೂರು, ಕಾಸರಗೋಡುಗಳನ್ನೊಳಗೊಂಡ ಕಡಲಂಚೇ ಗೋವಾದಿಂದ ಕಣ್ಣೂರಿಗೆ ಹಾರುವವರಿಗೆ ಕಣ್ಣಿಗೆ ಕಾಣುವ ದಾರಿಯಾಗಿತ್ತು. ಇಂತಹ ಯಾನಕ್ಕೆ ಅಕ್ಟೋಬರ್ ಅಂತ್ಯ ಒಳ್ಳೆಯ ಕಾಲ, ಏಕೆಂದರೆ ಆ ವೇಳೆಗೆ ನೈಋತ್ಯ ಮುಂಗಾರು ಹಿಂದೆ ಸರಿದಿರುತ್ತದೆ. ಮುಂಬಯಿಯ ಜುಹೂ ಇಳಿದಾಣ ಮಳೆಗಾಲದಲ್ಲಿ ಕೆಸರಾಗಿ ಮುಳುಗುತ್ತಿದ್ದುದರಿಂದ ಟಾಟಾ ಸಂಸ್ಥೆ ಆ ತಿಂಗಳುಗಳಲ್ಲಿ ಪುಣೆಗೆ ಸ್ಥಳಾಂತರಗೊಳ್ಳುತ್ತಿತ್ತು. ಹಡಗಿನವರಂತೆಯೇ ವಿಮಾನದವರೂ ಮುಂಗಾರಿಗೆ ಮಣಿದು ತಮ್ಮ ದಾರಿಯನ್ನು ಬದಲಿಸಿಕೊಳ್ಳುತ್ತಿದ್ದ ಕಾಲವದು.

ಯುದ್ಧಾನಂತರ ಬಂದ ಡಕೋಟಾ ವಿಮಾನಗಳು ಹೆಚ್ಚು ಜನರನ್ನು ಹೊತ್ತರೂ ಎತ್ತರದ ಮಿತಿಯಿಂದ ಬಿಡಿಸಿಕೊಂಡಿರಲಿಲ್ಲ. ಅವುಗಳ ಒಳಭಾಗದಲ್ಲಿ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಇಲ್ಲದ್ದರಿಂದ ಸಾಮಾನ್ಯವಾಗಿ ಹತ್ತು ಸಾವಿರ ಅಡಿಯ ಆಸುಪಾಸಿನಲ್ಲಿ, ಅಂದರೆ ಮಳೆಮೋಡಗಳ ಹೊಟ್ಟೆಯೊಳಗೇ, ಹಾರಬೇಕಿತ್ತು. ಮೋಡದ ಮರೆಯಲ್ಲಿ ಬೆಟ್ಟವಿದ್ದರೆ ಅದನ್ನು ತೋರಿಸಿಕೊಡುವ ಸಾಧನವೂ ಇರಲಿಲ್ಲ. 1950ರ ಡಿಸೆಂಬರ್ 13ರಂದು ಏರ್ ಇಂಡಿಯಾದ ಡಕೋಟಾ ಒಂದು ನೀಲಗಿರಿಯ ರಂಗಸ್ವಾಮಿ ಶಿಖರದ ಬಳಿ ಬೆಟ್ಟಕ್ಕೆ ಅಪ್ಪಳಿಸಿದಾಗ ಸತ್ತವರಲ್ಲಿ, ಭಾರತ ಸರ್ಕಾರದ ಆಹ್ವಾನದ ಮೇರೆಗೆ ಉಪನ್ಯಾಸ ಪ್ರವಾಸದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಮತ್ತು ಆತನ ಪತ್ನಿ ಇದ್ದರು. ಯುದ್ಧದಿಂದ ಮರಳಿದ ವಿಮಾನಗಳ ಮೇಲಿನ ಗುಂಡಿನ ಗುರುತುಗಳನ್ನು ಮಾತ್ರ ನೋಡಿ ನಿರ್ಣಯಕ್ಕೆ ಬರಬಾರದು, ಮರಳದ ವಿಮಾನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಗಣಿತದಿಂದ ತೋರಿಸಿದ ವಿದ್ವಾಂಸ ವಾಲ್ಡ್. ಅಪಾಯದ ದಾಖಲೆಯು ಬದುಕಿ ಬಂದವರಿಂದಲೇ ಹೆಚ್ಚಾಗಿ ದೊರೆಯುತ್ತದೆಂಬ ಆ ಎಚ್ಚರಿಕೆ ವಾಯುಕ್ಷೋಭೆಯ ಅಧ್ಯಯನಕ್ಕೂ ಅನ್ವಯಿಸುತ್ತದೆ.

ಗಾಳಿಯ ಹೊಡೆತವೇ ನೇರ ಪ್ರಶ್ನೆಯಾಗಿ ಭಾರತದ ಮುಂದೆ ಬಂದದ್ದು 1953ರ ಮೇ 2ರಂದು. ಬ್ರಿಟಿಷ್ ಸಂಸ್ಥೆಯ ಕಾಮೆಟ್ ಜೆಟ್ ವಿಮಾನವು ಕಲ್ಕತ್ತೆಯ ದಮ್ ದಮ್ ನಿಲ್ದಾಣದಿಂದ ಹೊರಟ ಕೆಲವೇ ನಿಮಿಷಗಳಲ್ಲಿ ಗುಡುಗುಗಾಳಿಗೆ ಸಿಕ್ಕಿ ಒಡೆದು ಬಿದ್ದು 43 ಜನ ಸತ್ತರು. ತೀವ್ರ ಗಾಳಿಹೊಡೆತದಿಂದಲೋ, ಆ ಹೊಡೆತದಲ್ಲಿ ವಿಮಾನವನ್ನು ಮಿತಿಮೀರಿ ತಿದ್ದಲು ಹೋದುದರಿಂದಲೋ ಅದರ ಕಾಯ ಮುರಿದಿರಬೇಕೆಂದು ಭಾರತದ ವಿಚಾರಣಾ ಮಂಡಳಿ ತೀರ್ಮಾನಿಸಿತು. ಪ್ರಕ್ಷುಬ್ಧ ಗಾಳಿಯಲ್ಲಿ ಚಾಲಕನ ಕೈಯ ಅತಿಯಾದ ಪ್ರತಿಕ್ರಿಯೆಯೂ ಗಾಳಿಯಷ್ಟೇ ಅಪಾಯಕಾರಿ ಎಂಬ ತಿಳಿವಳಿಕೆ ಮುಂದಿನ ದಶಕಗಳ ಪೈಲಟ್ ತರಬೇತಿಯ ಆಧಾರಗಳಲ್ಲಿ ಒಂದಾಯಿತು.

ಮೇಲ್ಗಾಳಿಗಳ ಶೋಧ

1957ರಲ್ಲಿ ವೈಕೌಂಟ್, 1964ರಲ್ಲಿ ಕ್ಯಾರವೆಲ್ ಜೆಟ್, 1970ರ ದಶಕದಲ್ಲಿ ಬೋಯಿಂಗ್ 737 ಇಂಡಿಯನ್ ಏರ್‌ಲೈನ್ಸ್ ಸೇವೆಗೆ ಬಂದಂತೆ ವಿಮಾನಗಳ ದಾರಿ ಮೋಡಗಳ ನಡುವಿನಿಂದ ಮೇಲಕ್ಕೆ ಸರಿಯಿತು. ಅಷ್ಟರಲ್ಲಿ ಆ ಎತ್ತರದ ಗಾಳಿಯನ್ನು ಅರಿಯುವ ಕೆಲಸವೂ ಮುಂದುವರಿದಿತ್ತು. ಹೈಡ್ರೋಜನ್ ತುಂಬಿದ ಬಲೂನನ್ನು ಹಾರಿಬಿಟ್ಟು ದೂರದರ್ಶಕದಿಂದ ಅದರ ದಾರಿಯನ್ನು ಹಿಂಬಾಲಿಸಿ ಗಾಳಿಯನ್ನು ಅಳೆಯುವ ಪದ್ಧತಿ ಹಳೆಯದು. ಬಲೂನಿಗೆ ತಾಪ, ತೇವ, ಒತ್ತಡಗಳನ್ನು ರೇಡಿಯೊ ಮೂಲಕ ಕಳುಹಿಸುವ ರೇಡಿಯೊಸಾಂಡ್ ಎಂಬ ಪುಟ್ಟ ಉಪಕರಣ ಸೇರಿದ ಮೇಲೆ ಮೋಡದಾಚೆಯ ಗಾಳಿಯೂ ಲೆಕ್ಕಕ್ಕೆ ಸಿಕ್ಕಿತು. ಇಂತಹ ಉಪಕರಣಗಳನ್ನು ಭಾರತದಲ್ಲಿಯೇ ತಯಾರಿಸಿ ಅವುಗಳ ನಿಖರತೆಯನ್ನು ಕಾಯುವ ಕೆಲಸದಲ್ಲಿ ಮುಂಚೂಣಿಯಲ್ಲಿದ್ದವರು ಅಣ್ಣಾ ಮಣಿ. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿ, ಹವಾಮಾನ ಇಲಾಖೆಯ ಉನ್ನತ ಹುದ್ದೆಗೇರಿದ ಅವರು, ತಪ್ಪು ಅಳತೆಗಿಂತ ಅಳತೆಯಿಲ್ಲದಿರುವುದೇ ವಾಸಿ ಎಂಬ ನಿಷ್ಠೆಯಿಂದ ದುಡಿದರು. ತಿರುವನಂತಪುರದ ತುಂಬಾ ರಾಕೆಟ್ ಕೇಂದ್ರದ ಹವಾಮಾನ ವೀಕ್ಷಣಾಲಯವನ್ನೂ ಅವರೇ ರೂಪಿಸಿದರು.

1963ರ ನವೆಂಬರ್ 21ರಂದು ಆ ಕೇಂದ್ರದಿಂದ ಹಾರಿದ ಮೊದಲ ನೈಕಿ-ಅಪಾಚೆ ರಾಕೆಟ್ಟು ಆಕಾಶದಲ್ಲಿ ಸೋಡಿಯಂ ಆವಿಯನ್ನು ಚೆಲ್ಲಿತು. ಸಂಜೆಯ ಬಾನಿನಲ್ಲಿ ಕಿತ್ತಳೆ ಬಣ್ಣದಲ್ಲಿ ಹರಡಿದ ಆ ಆವಿಯ ಚಲನೆಯನ್ನು ಛಾಯಾಚಿತ್ರಗಳಲ್ಲಿ ಅಳೆದು ಅತ್ಯುನ್ನತ ವಾಯುಮಂಡಲದ ಗಾಳಿಯನ್ನು ಲೆಕ್ಕಹಾಕುವುದು ಪ್ರಯೋಗದ ಉದ್ದೇಶವಾಗಿತ್ತು. ಭಾರತದ ಬಾಹ್ಯಾಕಾಶ ಯುಗವನ್ನು ತೆರೆದ ಆ ಸಂಜೆಯ ಪ್ರಯೋಗದ ವಿಷಯವೂ ಗಾಳಿಯೇ ಎಂಬುದನ್ನು ಇಲ್ಲಿ ನೆನೆಯಬೇಕು. 1970ರಿಂದ ಸೋವಿಯತ್ ಒಕ್ಕೂಟದ ಎಂ-100 ಹವಾಮಾನ ರಾಕೆಟ್ಟುಗಳು ವಾರಕ್ಕೊಮ್ಮೆ ಅಲ್ಲಿಂದಲೇ ಹಾರಿ ಮೇಲ್ಗಾಳಿಯ ದೀರ್ಘಕಾಲದ ದಾಖಲೆಯನ್ನು ಒದಗಿಸಿದವು.

ಪ್ರಯಾಣಿಕ ವಿಮಾನಗಳಿಗೆ ಇವಕ್ಕಿಂತ ಹತ್ತಿರವಾದ ಶೋಧಗಳು ಎರಡು. 1958ರಲ್ಲಿ ಪಿ. ಕೋಟೇಶ್ವರಂ ಅವರು ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ರಭಸದಿಂದ ಹರಿಯುವ ಕಿರಿದಾದ ಗಾಳಿಯ ಹೊಳೆಯೊಂದನ್ನು, ಅಂದರೆ ಪೂರ್ವ ಜೆಟ್ ವಾಯುಸ್ರೋತವನ್ನು, ವಿವರಿಸಿದರು. 1966ರಲ್ಲಿ ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್ ಅವರು ಜುಲೈ ತಿಂಗಳ ಬಲೂನು ದಾಖಲೆಗಳನ್ನು ಪರಿಶೀಲಿಸಿ, ನೆಲದಿಂದ ಕೇವಲ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಇನ್ನೊಂದು ಸ್ರೋತವನ್ನು ತೋರಿಸಿಕೊಟ್ಟರು; ಅದರ ನಡುಭಾಗದ ವೇಗ 40ರಿಂದ 60 ನಾಟ್, ಅಂದರೆ ಗಂಟೆಗೆ ಸುಮಾರು 75ರಿಂದ 110 ಕಿಲೋಮೀಟರ್. ಜೋಸೆಫ್ ಅವರು ಮುಂದೆ ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಹಲವು ಪೀಳಿಗೆಯ ಮುಂಗಾರು ಸಂಶೋಧಕರನ್ನು ಬೆಳೆಸಿದರು. ಜುಲೈಯಲ್ಲಿ ಕೊಚ್ಚಿಗೆ ಇಳಿಯುವ ವಿಮಾನವು ಮೇಲೆ ಪೂರ್ವದ ಗಾಳಿಯಿರುವ ಪದರದಿಂದ ಹೊರಟು, ಕೆಳಗೆ ಪಶ್ಚಿಮದ ಬಿರುಗಾಳಿಯನ್ನು ದಾಟಿ, ಕೊನೆಯ ಕೆಲವು ನೂರು ಮೀಟರುಗಳಲ್ಲಿ ಮತ್ತೆ ವೇಗ ಕುಗ್ಗಿದ ಗಾಳಿಗೆ ಬರುತ್ತದೆ. ಎತ್ತರಕ್ಕೆ ತಕ್ಕಂತೆ ಗಾಳಿಯ ದಿಕ್ಕೋ ವೇಗವೋ ಹೀಗೆ ಥಟ್ಟನೆ ಬದಲಾಗುವುದನ್ನು ವಾಯುಕತ್ತರಿ ಎನ್ನುತ್ತಾರೆ. ಒಂದರ ಮೇಲೊಂದು ಜಾರುವ ಗಾಳಿಪದರಗಳ ಅಂಚಿನಲ್ಲಿ ಸುಳಿಗಳು ಹುಟ್ಟುವುದು ಇದರಿಂದಲೇ.

ಸುಳಿಗಳ ಗಣಿತ ಮಾತ್ರ ಇಂದಿಗೂ ಪೂರ್ತಿ ಬಿಡಿಸಲಾಗದ ಒಗಟಾಗಿದೆ. ಈ ಒಗಟಿಗೆ ತಮ್ಮ ಜೀವಮಾನವನ್ನು ಕೊಟ್ಟ ಕನ್ನಡನಾಡಿನ ವಿಜ್ಞಾನಿ ರೊದ್ದಂ ನರಸಿಂಹ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ 1984ರಿಂದ 1993ರವರೆಗೆ ನಿರ್ದೇಶಕರಾಗಿದ್ದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿಯೂ ಕ್ಷುಬ್ಧ ಹರಿವು ಹೇಗೆ ಹುಟ್ಟುತ್ತದೆ, ಹೇಗೆ ಶಾಂತವಾಗುತ್ತದೆ ಎಂಬುದನ್ನು ಅಧ್ಯಯನ ಮಾಡಿ, ಮೋಡಗಳು ಮೇಲೇರುವ ಬಗೆಯನ್ನು ನೀರಿನ ತೊಟ್ಟಿಯಲ್ಲಿ ಮರುಸೃಷ್ಟಿಸಿ ನೋಡಿದರು.

2010ರ ಏಪ್ರಿಲ್ 25

1999ರ ಮೇ 25ರಂದು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವರು ಎರ್ನಾಕುಲಂ ಜಿಲ್ಲೆಯ ನೆಡುಂಬಾಶ್ಶೇರಿಯಲ್ಲಿ ಹೊಸ ಅಂತರರಾಷ್ಟ್ರೀಯ ನಿಲ್ದಾಣವನ್ನು ಉದ್ಘಾಟಿಸಿದ ಮೇಲೆ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಲಕ್ಷಾಂತರ ಮಲಯಾಳಿಗಳಿಗೆ ಕೊಚ್ಚಿಯೇ ಮನೆಯ ಬಾಗಿಲಾಯಿತು. ದುಬೈಯಿಂದ ಅಲ್ಲಿಗೆ ಬರುತ್ತಿದ್ದ ಎಮಿರೇಟ್ಸ್ ಸಂಸ್ಥೆಯ ಇಕೆ 530 ಸಂಖ್ಯೆಯ ಬೋಯಿಂಗ್ 777 ವಿಮಾನವು 2010ರ ಏಪ್ರಿಲ್ 25ರ ಭಾನುವಾರ ಸುಮಾರು 350 ಪ್ರಯಾಣಿಕರೊಂದಿಗೆ ಹಾರುತ್ತಿದ್ದಾಗ, ಕೊಚ್ಚಿ ತಲುಪುವ ಮೊದಲು ತೀವ್ರ ವಾಯುಕ್ಷೋಭೆಗೆ ಸಿಲುಕಿತು. ವಿಮಾನ ಒಮ್ಮೆಲೆ ಕೆಳಗಿಳಿದಾಗ ಬೆಲ್ಟ್ ಹಾಕದಿದ್ದವರು ಛಾವಣಿಗೆ ಬಡಿದರು. ಸುಮಾರು 20 ಮಂದಿ ಗಾಯಗೊಂಡರು. ಸಿಬ್ಬಂದಿ ವಿಮಾನವನ್ನು ಹತೋಟಿಗೆ ತಂದು ನೆಡುಂಬಾಶ್ಶೇರಿಯಲ್ಲಿ ಸುರಕ್ಷಿತವಾಗಿ ಇಳಿಸಿದರು.

ಮೊದಲ ದಿನದ ಕೆಲವು ವರದಿಗಳಲ್ಲಿ ವಿಮಾನ ಸಾವಿರಾರು ಅಡಿ ಕುಸಿಯಿತೆಂಬ ಮಾತಿತ್ತು. ಒಳಗಿದ್ದವರ ದೇಹಕ್ಕೆ ಹಾಗೆ ಅನಿಸಿದ್ದು ಸುಳ್ಳಲ್ಲ, ಆದರೆ ಇಂತಹ ಘಟನೆಗಳಲ್ಲಿ ಗಾಯ ಮಾಡುವುದು ಇಳಿದ ದೂರಕ್ಕಿಂತ ಇಳಿತದ ಹಠಾತ್ತನ. 2024ರ ಮೇ 21ರಂದು ಮ್ಯಾನ್ಮಾರಿನ ಇರವಾಡಿ ಕಣಿವೆಯ ಮೇಲೆ 37,000 ಅಡಿ ಎತ್ತರದಲ್ಲಿ ಸಿಂಗಾಪುರ್ ಏರ್‌ಲೈನ್ಸ್‌ನ 321ನೆಯ ಸಂಖ್ಯೆಯ ವಿಮಾನಕ್ಕೆ ಆದ ಆಘಾತದ ಪ್ರಾಥಮಿಕ ತನಿಖೆ ಇದನ್ನು ಅಂಕಿಗಳಲ್ಲಿ ತೋರಿಸಿದೆ. ಒಬ್ಬ ಪ್ರಯಾಣಿಕನ ಸಾವಿಗೂ ಹಲವರ ತೀವ್ರ ಗಾಯಗಳಿಗೂ ಕಾರಣವಾದ ಆ ಘಟನೆಯಲ್ಲಿ ವಿಮಾನ ಇಳಿದದ್ದು 4.6 ಸೆಕೆಂಡುಗಳಲ್ಲಿ 178 ಅಡಿ ಮಾತ್ರ. ಆದರೆ ಅಷ್ಟರಲ್ಲಿ ದೇಹದ ಮೇಲಿನ ಬಲವು ಗುರುತ್ವದ ಒಂದೂವರೆ ಪಟ್ಟು ಮೇಲ್ಮುಖಕ್ಕೂ ಮತ್ತೆ ಒಂದೂವರೆ ಪಟ್ಟು ಕೆಳಮುಖಕ್ಕೂ ಬದಲಾಗಿತ್ತು. ಬೆಲ್ಟ್ ಇಲ್ಲದವರು ಮೊದಲ ಹಂತದಲ್ಲಿ ಛಾವಣಿಗೆ ತಾಗಿ, ಎರಡನೆಯ ಹಂತದಲ್ಲಿ ನೆಲಕ್ಕೆ ಬಿದ್ದರು.

ಏಪ್ರಿಲ್ ತಿಂಗಳಿನಲ್ಲಿ ಕೊಚ್ಚಿಯ ದಾರಿಯು ಇಂತಹ ಆಘಾತಕ್ಕೆ ಅನುಕೂಲವಾದ ಸ್ಥಿತಿಯಲ್ಲಿರುತ್ತದೆ. ಮುಂಗಾರು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳವನ್ನು ಮುಟ್ಟುತ್ತದೆ. ಅದಕ್ಕೂ ಮೊದಲಿನ ಬೇಸಿಗೆಯ ತಿಂಗಳುಗಳಲ್ಲಿ ಕಾದ ನೆಲದಿಂದ ಏಳುವ ಗಾಳಿ, ಮಧ್ಯಾಹ್ನದ ಕಡಲಗಾಳಿ, ಘಟ್ಟದ ಇಳಿಜಾರು ಇವು ಕೂಡಿ ಬೃಹತ್ ಗುಡುಗುಮೋಡಗಳನ್ನು ಕಟ್ಟುತ್ತವೆ. ಜೆಟ್ ವಿಮಾನಗಳು ಹಾರುವ ಎತ್ತರ 10ರಿಂದ 12 ಕಿಲೋಮೀಟರ್. ಉಷ್ಣವಲಯದ ಗುಡುಗುಮೋಡದ ತಲೆ 15 ಕಿಲೋಮೀಟರನ್ನೂ ಮೀರುವುದುಂಟು. ಆದ್ದರಿಂದ ಅದರ ಮೇಲೆ ಹಾರಿಹೋಗುವುದು ಸಾಧ್ಯವಿಲ್ಲ, ಸುತ್ತಿಹೋಗುವುದೊಂದೇ ದಾರಿ. ವಿಮಾನದ ಮೂತಿಯಲ್ಲಿರುವ ಹವಾಮಾನ ರೇಡಾರ್ ಮಳೆಹನಿಗಳಿಂದ ಮರಳುವ ಅಲೆಗಳನ್ನು ಗ್ರಹಿಸುತ್ತದೆ. ಮೋಡದ ಮೇಲ್ತುದಿಯ ಒಣ ಹಿಮಕಣಗಳು ಮಸುಕಾಗಿ ಕಾಣುತ್ತವೆ, ಮೋಡವೇ ಇಲ್ಲದ ಕಡೆಯ ಸ್ವಚ್ಛಾಕಾಶದ ಕ್ಷೋಭೆಯಂತೂ ಅದಕ್ಕೆ ಕಾಣುವುದೇ ಇಲ್ಲ.

ಕಾಕ್‌ಪಿಟ್ಟಿನ ಶಿಸ್ತು

ಅರ್ಧ ಶತಮಾನಕ್ಕೂ ಹೆಚ್ಚಿನ ಅನುಭವ ಮತ್ತು ತನಿಖೆಗಳಿಂದ ರೂಪುಗೊಂಡ ಶಿಸ್ತು ಇಂದು ಎಲ್ಲ ವಿಮಾನಸಂಸ್ಥೆಗಳ ಕೈಪಿಡಿಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ತೆರನಾಗಿದೆ. ತೀವ್ರ ಗುಡುಗುಮೋಡದಿಂದ ಕನಿಷ್ಠ 20 ನಾಟಿಕಲ್ ಮೈಲಿ, ಅಂದರೆ ಸುಮಾರು 37 ಕಿಲೋಮೀಟರ್, ದೂರವಿರಬೇಕು. ಕ್ಷೋಭೆ ಎದುರಾಗುವ ಸೂಚನೆ ಸಿಕ್ಕೊಡನೆ ಸೀಟ್ ಬೆಲ್ಟ್ ದೀಪವನ್ನು ಬೆಳಗಿಸಿ, ಕ್ಯಾಬಿನ್ ಸಿಬ್ಬಂದಿಗೆ ಕುಳಿತುಕೊಳ್ಳಲು ಹೇಳಿ, ತಯಾರಕರು ನಿಗದಿಪಡಿಸಿದ ಕ್ಷೋಭಾವೇಗಕ್ಕೆ ವಿಮಾನವನ್ನು ತರಬೇಕು. ಇದಕ್ಕಿಂತ ವೇಗ ಹೆಚ್ಚಾದರೆ ಗಾಳಿಹೊಡೆತ ರೆಕ್ಕೆಗೆ ಭಾರವಾಗುತ್ತದೆ, ಬಹಳ ಕಡಿಮೆಯಾದರೆ ರೆಕ್ಕೆ ಎತ್ತುವ ಬಲವನ್ನೇ ಕಳೆದುಕೊಳ್ಳಬಹುದು. ಕುಲುಕಾಟದ ನಡುವೆ ಕಳೆದುಹೋದ ಎತ್ತರವನ್ನು ಬೆನ್ನಟ್ಟದೆ ರೆಕ್ಕೆಗಳನ್ನು ಸಮವಾಗಿ, ಮೂಗನ್ನು ಸ್ಥಿರವಾಗಿ ಇರಿಸುವುದು ಮುಖ್ಯ. ಮನುಷ್ಯನ ಕೈ ಎಲ್ಲಕ್ಕಿಂತ ಹೆಚ್ಚು ಚಡಪಡಿಸುವ ಕ್ಷಣದಲ್ಲಿ ಕಡಿಮೆ ಮಾಡುವುದನ್ನು ಕಲಿಸುವ ಈ ಶಿಸ್ತಿನ ಹಿಂದೆ 1953ರ ಕಲ್ಕತ್ತೆಯಂತಹ ಅನೇಕ ದುರಂತಗಳ ಪಾಠವಿದೆ.

ಶಿಸ್ತಿಗೂ ಮಾಹಿತಿ ಬೇಕು. ನಿಲ್ದಾಣದ ಹವಾಮಾನ ಕಚೇರಿಯ ಅರ್ಧಗಂಟೆಗೊಮ್ಮೆಯ ವರದಿ, ತೀವ್ರ ಹವೆಯ ಬಗ್ಗೆ ಚೆನ್ನೈನಂತಹ ಹವಾಮಾನ ನಿಗಾ ಕೇಂದ್ರಗಳು ಹೊರಡಿಸುವ ಸಿಗ್ಮೆಟ್ ಎಂಬ ಎಚ್ಚರಿಕೆ, ಮುಂದೆ ಹೋದ ವಿಮಾನದ ಪೈಲಟ್ ಹಿಂದಿನವರಿಗೆ ನೀಡುವ ವರದಿ ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು. 2017ರಲ್ಲಿ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಕೆಲಸ ಆರಂಭಿಸಿದ 205 ಮೆಗಾಹರ್ಟ್ಸ್ ರೇಡಾರ್, 619 ಆಂಟೆನಾಗಳ ನೆರವಿನಿಂದ ಸುಮಾರು 20 ಕಿಲೋಮೀಟರ್ ಎತ್ತರದವರೆಗಿನ ಗಾಳಿಯನ್ನು, ಮಳೆಯಿಲ್ಲದ ತೆರಪಿನಲ್ಲಿಯೂ, ಎಡೆಬಿಡದೆ ಅಳೆಯಬಲ್ಲದು. ಬ್ರೌನ್ ಬೆಟ್ಟದ ನೆತ್ತಿಗೆ ಹತ್ತಿ ಅರಸಿದ್ದು ಈಗ ಕೊಚ್ಚಿಯ ಬಯಲಿನಿಂದಲೇ ದೊರೆಯುತ್ತಿದೆ. ಕೊಚ್ಚಿಯಲ್ಲಿ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್, ತುಂಬಾದಲ್ಲಿ ಬಾಹ್ಯಾಕಾಶ ಸಂಸ್ಥೆಯ ರೇಡಾರ್ ಮೋಡಗಳೊಳಗಿನ ಚಲನೆಯನ್ನು ಗಮನಿಸುತ್ತಿವೆ.

ಕೊಂಡಿ ಸಡಿಲವಾದ ಸಂದರ್ಭಗಳು

ಇಷ್ಟಾದರೂ ಸರಪಳಿ ಸಡಿಲಗೊಂಡ ಉದಾಹರಣೆಗಳು ಇದೇ ಎರಡು ನಗರಗಳ ನಡುವೆ ಕಂಡಿವೆ. 2015ರ ಆಗಸ್ಟ್ 18ರ ಮುಂಜಾನೆ ದೋಹಾದಿಂದ ಬಂದ ಜೆಟ್ ಏರ್‌ವೇಸ್‌ನ ಬೋಯಿಂಗ್ 737 ಕೊಚ್ಚಿಯಲ್ಲಿ ದೃಷ್ಟಿಗೋಚರತೆ ಕುಸಿದಿದ್ದರಿಂದ ಮೂರು ಬಾರಿ ಇಳಿಯಲು ಯತ್ನಿಸಿ ವಿಫಲವಾಗಿ ತಿರುವನಂತಪುರದ ಕಡೆ ತಿರುಗಿತು. ಅಲ್ಲಿಯೂ ಮೋಡ ಕೆಳಗಿಳಿದಿತ್ತು. ಒಟ್ಟು ಏಳನೆಯ ಯತ್ನದಲ್ಲಿ ಅದು ನೆಲ ಮುಟ್ಟಿದಾಗ ಟ್ಯಾಂಕುಗಳಲ್ಲಿ ಉಳಿದಿದ್ದ ಇಂಧನ ಅರ್ಧ ಟನ್ನಿಗಿಂತಲೂ ಕಡಿಮೆ. ಅಲ್ಲಿನ ಅಪಾಯ ಕ್ಷೋಭೆಯಿಂದ ಬಂದದ್ದಲ್ಲವಾದರೂ, ಒಂದೇ ಮುಂಗಾರು ವ್ಯವಸ್ಥೆ ಸುಮಾರು ಇನ್ನೂರು ಕಿಲೋಮೀಟರ್ ಅಂತರದ ಎರಡು ನಿಲ್ದಾಣಗಳನ್ನೂ ಏಕಕಾಲಕ್ಕೆ ಮುಸುಕಬಲ್ಲದೆಂಬುದನ್ನು ಅದು ಕಠಿಣವಾಗಿ ನೆನಪಿಸಿತು. 2018ರ ಆಗಸ್ಟಿನ ಮಹಾಪ್ರವಾಹದಲ್ಲಿ ಪೆರಿಯಾರ್ ಉಕ್ಕಿ ನೆಡುಂಬಾಶ್ಶೇರಿಯ ರನ್‌ವೇ ಮುಳುಗಿದಾಗ, 15ರಿಂದ 29ರವರೆಗೆ ಮುಚ್ಚಿದ ಆ ನಿಲ್ದಾಣದ ಬದಲಿಗೆ ನಾಗರಿಕ ವಿಮಾನಗಳು ಹತ್ತೊಂಬತ್ತು ವರ್ಷಗಳ ನಂತರ ವಿಲಿಂಗ್ಡನ್ ದ್ವೀಪದ ಗರುಡ ನೆಲೆಗೆ ಮತ್ತೆ ಇಳಿದವು.

2025ರ ಆಗಸ್ಟ್ 10ರ ರಾತ್ರಿ ತಿರುವನಂತಪುರದಿಂದ ದೆಹಲಿಗೆ ಹೊರಟ ಏರ್ ಇಂಡಿಯಾದ 2455ನೆಯ ಸಂಖ್ಯೆಯ ವಿಮಾನವು ದಾರಿಯಲ್ಲಿ ಅನಿರೀಕ್ಷಿತ ಕ್ಷೋಭೆಯನ್ನು ಎದುರಿಸಿತು. ಹವಾಮಾನ ರೇಡಾರಿನಲ್ಲಿ ತಾಂತ್ರಿಕ ದೋಷದ ಶಂಕೆಯಿಂದ ಮುನ್ನೆಚ್ಚರಿಕೆಯಾಗಿ ಅದನ್ನು ಚೆನ್ನೈಗೆ ತಿರುಗಿಸಲಾಯಿತು, ಕೆ.ಸಿ. ವೇಣುಗೋಪಾಲ್ ಸೇರಿದಂತೆ ಹಲವು ಸಂಸದರು ಅದರಲ್ಲಿದ್ದುದರಿಂದ ಘಟನೆ ದೇಶದ ಗಮನ ಸೆಳೆಯಿತು. ಮುಂದಿನ ಮೋಡವನ್ನು ನೋಡುವ ಸಾಧನದ ಮೇಲೆಯೇ ವಿಶ್ವಾಸ ಕುಂದಿದಾಗ ದೂರದ ಪಯಣವನ್ನು ಕೈಬಿಟ್ಟು ಹತ್ತಿರದ ನಿಲ್ದಾಣವನ್ನು ಅರಸುವುದು ಸಿಬ್ಬಂದಿಯ ಮುಂದಿರುವ ವಿವೇಕದ ಆಯ್ಕೆ.

ನಿಂತು ದುಡಿಯುವವರು

ವಾಯುಕ್ಷೋಭೆಯ ಚರಿತ್ರೆಯಲ್ಲಿ ಅತಿ ಕಡಿಮೆ ಬರೆಯಲಾದ ಅಧ್ಯಾಯ ಕ್ಯಾಬಿನ್ ಸಿಬ್ಬಂದಿಯದು. ಅಮೆರಿಕದ ವಿಮಾನಯಾನ ಆಡಳಿತದ ಲೆಕ್ಕದಂತೆ 2009ರಿಂದ 2022ರವರೆಗೆ ಅಲ್ಲಿ ಕ್ಷೋಭೆಯಿಂದ ತೀವ್ರವಾಗಿ ಗಾಯಗೊಂಡ 163 ಜನರಲ್ಲಿ 129 ಮಂದಿ ಸಿಬ್ಬಂದಿ. ಪ್ರಯಾಣಿಕರು ಕುಳಿತಿರುವಾಗ ಅವರು ನಿಂತಿರುತ್ತಾರೆ, ತಳ್ಳುಗಾಡಿಯನ್ನು ಹಿಡಿದಿರುತ್ತಾರೆ, ಬೆಲ್ಟ್ ಹಾಕದವರನ್ನು ಹುಡುಕುತ್ತ ಸಾಲುಗಳ ನಡುವೆ ನಡೆಯುತ್ತಿರುತ್ತಾರೆ. ಭಾರತದಲ್ಲಿಯೂ 2022ರ ಮೇ 1ರಂದು ಮುಂಬಯಿಯಿಂದ ದುರ್ಗಾಪುರಕ್ಕೆ ಇಳಿಯುತ್ತಿದ್ದ ಸ್ಪೈಸ್‌ಜೆಟ್ ವಿಮಾನ ತೀವ್ರ ಕ್ಷೋಭೆಗೆ ಸಿಲುಕಿದಾಗ ಪ್ರಯಾಣಿಕರ ಜೊತೆಗೆ ಮೂವರು ಕ್ಯಾಬಿನ್ ಸಿಬ್ಬಂದಿಯೂ ಗಾಯಗೊಂಡರು.

ವಾತಾವರಣ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಈ ವಿಷಯ ಇನ್ನಷ್ಟು ತುರ್ತಿನದಾಗಿದೆ. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವು, ಉತ್ತರ ಅಟ್ಲಾಂಟಿಕ್ ಮಾರ್ಗದ ಒಂದು ಬಿಂದುವಿನ ಮೇಲೆ ವರ್ಷದಲ್ಲಿ ತೀವ್ರ ಸ್ವಚ್ಛಾಕಾಶ ಕ್ಷೋಭೆ ಇರುವ ಅವಧಿ 1979ರಿಂದ 2020ರ ನಡುವೆ ಶೇ. 55ರಷ್ಟು ಏರಿದೆಯೆಂದು ತೋರಿಸಿತು. ಅಟ್ಲಾಂಟಿಕ್‌ನ ಅಂಕಿಯನ್ನು ಅರಬ್ಬಿ ಸಮುದ್ರಕ್ಕೆ ಹಾಗೆಯೇ ಅನ್ವಯಿಸಲಾಗದು. ಮಲಬಾರಿನ ಮೇಲಿನ ಕ್ಷೋಭೆಗೆ ಗುಡುಗುಮೋಡ, ಘಟ್ಟ, ಮುಂಗಾರು ಸ್ರೋತಗಳೆಂಬ ತನ್ನದೇ ಕಾರಣಗಳಿವೆ, ಅದರ ಏರಿಳಿತವನ್ನು ಇಲ್ಲಿಯೇ ಅಳೆಯಬೇಕು. ಅಳೆಯುವ ಸಾಧನಗಳೂ ಪರಿಣತರೂ ಕೊಚ್ಚಿ, ತಿರುವನಂತಪುರ ಮತ್ತು ಬೆಂಗಳೂರುಗಳಲ್ಲಿ ಈಗಾಗಲೇ ಇದ್ದಾರೆ. ಪ್ರತಿಯೊಂದು ವಿಮಾನದ ಸಂವೇದಕಗಳೂ ಅದು ಹಾದುಹೋದ ಗಾಳಿಯ ಒರಟುತನವನ್ನು ಸ್ವಯಂಚಾಲಿತವಾಗಿ ದಾಖಲಿಸಬಲ್ಲವು. ಸಂಸ್ಥೆಗಳು ಪೈಪೋಟಿಯನ್ನು ಬದಿಗಿಟ್ಟು ಆ ದಾಖಲೆಯನ್ನು ಹಿಂದೆ ಬರುವವರೊಂದಿಗೆ ಹಂಚಿಕೊಂಡರೆ ಕಡಲಿನ ಮೇಲಿನ ಬರಿದಾದ ನಕ್ಷೆ ತುಂಬತೊಡಗುತ್ತದೆ.

ಕೆಲವು ಸುಧಾರಣೆಗಳಿಗೆ ಉಪಕರಣವೇ ಬೇಡ. 2024ರ ಘಟನೆಯ ನಂತರ ಸಿಂಗಾಪುರ್ ಏರ್‌ಲೈನ್ಸ್ ಬೆಲ್ಟ್ ದೀಪ ಬೆಳಗಿರುವಾಗ ಊಟದ ಸೇವೆಯನ್ನೇ ನಿಲ್ಲಿಸಿ ಸಿಬ್ಬಂದಿ ಕುಳಿತುಕೊಳ್ಳಬೇಕೆಂದು ನಿಯಮ ಮಾಡಿತು. ಕೊರಿಯನ್ ಏರ್ ಕ್ಯಾಬಿನ್ ಸೇವೆಯನ್ನು ಇಳಿಯುವ 20 ನಿಮಿಷದ ಬದಲು 40 ನಿಮಿಷ ಮೊದಲೇ ಮುಗಿಸತೊಡಗಿತು. ಬೇಸಿಗೆಯ ಸಂಜೆಗಳಲ್ಲಿಯೂ ಮುಂಗಾರಿನಲ್ಲಿಯೂ ಕೊಚ್ಚಿ–ತಿರುವನಂತಪುರಗಳಿಗೆ ಇಳಿಯುವ ವಿಮಾನಗಳಲ್ಲಿ ಇಂತಹ ನಿಯಮ ಸಾರ್ವತ್ರಿಕವಾಗುವುದು ನ್ಯಾಯ. ಕ್ಯಾಲ್ಡೆಕಾಟನಿಂದ ಅಣ್ಣಾ ಮಣಿಯವರೆಗೆ, ಬಲೂನಿನಿಂದ ರೇಡಾರಿನವರೆಗೆ ಈ ಸೀಮೆ ಸಂಪಾದಿಸಿದ ಗಾಳಿಯ ಅರಿವು ಕಾಕ್‌ಪಿಟ್ಟನ್ನು ಬಹುಮಟ್ಟಿಗೆ ತಲುಪಿದೆ. ಬಾಗಿಲಿನಾಚೆ, ಕೈಯಲ್ಲಿ ನೀರಿನ ಲೋಟ ಹಿಡಿದು ನಿಂತಿರುವ ಉದ್ಯೋಗಿಯನ್ನು ಅದು ಕುಳಿತುಕೊಳ್ಳುವಷ್ಟು ಸಮಯ ಉಳಿದಿರುವಾಗಲೇ ತಲುಪುವಂತೆ ಮಾಡುವುದು ಈ ಪೀಳಿಗೆಯ ವಿಜ್ಞಾನಿಗಳ, ವಿಮಾನಸಂಸ್ಥೆಗಳ ಮತ್ತು ಬೆಲ್ಟ್ ಬಿಚ್ಚಲು ಅವಸರಪಡುವ ಪ್ರಯಾಣಿಕರೆಲ್ಲರ ಹೊಣೆಯಾಗಿದೆ.